ಗುಡುಗಿನ ಬೆಲೆ

ಎಂಜಿನ್ನಿಗೆ ಕಸುವು ತುಂಬುವ ಟ್ಯೂನರ್ ಒಬ್ಬನ ಹೆಸರು ಹೊತ್ತ ಸ್ಪೆಷಲ್ ಎಡಿಷನ್ ಮಸಲ್ ಕಾರಿಗೆ, ಅಂದರೆ ಗುಡುಗಿನಂತೆ ಸದ್ದು ಮಾಡುವ ಭಾರೀ ಶಕ್ತಿಯ ಕಾರಿಗೆ, ಪ್ರಹ್ಲಾದ ಒಂದೂವರೆ ಪಟ್ಟು ಬೆಲೆ ತೆತ್ತಿದ್ದ. ಅದೇ ಕಾರಿನ ಮಾಮೂಲಿ ಮಾದರಿ ಕೊಂಡಿದ್ದ ಭಾವನ ಮುಗುಳ್ನಗೆ ಕಂಡರೇ ಅವನಿಗೆ ಅನುಮಾನ.

“ಬರೀ ಸ್ಟಿಕ್ಕರಿಗೆ ಅಷ್ಟು ದುಡ್ಡು ಸುರಿದ್ಯಲ್ಲೋ!”

“ಎಂಜಿನ್ನೇ ಬೇರೆ, ಭಾವ. ಕಣ್ಣು ಕಟ್ಟಿದ್ರೂ ಸದ್ದಿನಲ್ಲೇ ಹೇಳ್ತೀನಿ.”

ಅಂಗಳದಲ್ಲಿ ಅಕ್ಕಪಕ್ಕ ನಿಂತಿದ್ದ ಎರಡೂ ಕಾರುಗಳನ್ನು ಒಂದೊಂದಾಗಿ ಸ್ಟಾರ್ಟ್ ಮಾಡುತ್ತೇನೆಂದು ಭಾವ ಕೂಡಲೇ ಟವೆಲ್ಲಿನಿಂದ ಅವನ ಕಣ್ಣು ಕಟ್ಟಿದರು. ಇವರು ಏನಾದರೂ ಮೋಸ ಮಾಡದೆ ಬಿಡುವುದಿಲ್ಲವೆಂದು ಪ್ರಹ್ಲಾದ ಮೈಯೆಲ್ಲ ಕಿವಿಯಾಗಿ ನಿಂತ. ಎಂಜಿನ್ ಒಮ್ಮೆ ಗುರ್ರೆಂದು ಆರಿತು. ಸ್ವಲ್ಪ ಹೊತ್ತಿಗೆ ಮತ್ತೆ ಗುಡುಗು ಕೇಳಿಸಿತು.

“ಎರಡನೇದೇ ನನ್ನದು! ಆ ಗತ್ತು ಕೇಳಿದ್ರಾ?”

“ಖಂಡಿತಾನಾ?”

“ಆಣೆ ಮಾಡಿ ಹೇಳ್ತೀನಿ.”

ಬೆವರೊರೆಸಿಕೊಳ್ಳಲು ಕರ್ಚೀಫಿಗೆಂದು ಜೇಬಿಗೆ ಕೈ ಹಾಕಿದ ಪ್ರಹ್ಲಾದನಿಗೆ, ಯಾರ ಕೈಗೂ ಕೊಡದ ತನ್ನ ಕಾರಿನ ಕೀ ಬೆರಳಿಗೆ ತಾಗಿತು.