ಖಾರದ ಕೈ

ಕೈಗಡಿಯಾರ ಹದಿನಾರು ಕಿಲೋಮೀಟರ್ ತೋರಿಸಿದೊಡನೆ ಸ್ನೇಹಾ ಕುಸಿದು ಕುಳಿತಳು. ಸತತ ಮೂರನೇ ಭಾನುವಾರವೂ ಅಲ್ಲೇ, ಬ್ಯಾಡಗಿಯಲ್ಲಿ ಅವ್ವ ಮೆಣಸಿನಕಾಯಿ ತೊಟ್ಟು ಬಿಡಿಸುವ ಕಟ್ಟೆಯ ಮುಂದೆ. ಅವಳ ಮೊದಲ ಇಪ್ಪತ್ತೊಂದು ಕಿಲೋಮೀಟರ್ ಓಟದ ಸ್ಪರ್ಧೆಗೆ ಇನ್ನು ಎರಡೇ ವಾರ ಉಳಿದಿತ್ತು.

"ಕಾಲು ಉರಿಯಾಕತ್ತಾವ ಅವ್ವಾ. ನನ್ನ ಕೈಲೆ ಆಗೂದಿಲ್ಲ."

ಮಗಳ ಕಣ್ಣೊರೆಸಲು ಚಾಚಿದ ಕೈಯನ್ನು ಪ್ರೇಮವ್ವ ತಟ್ಟನೆ ಹಿಂದಕ್ಕೆಳೆದುಕೊಂಡಳು. ಬೆರಳುಗಳು ಕೆಂಪಗೆ ಬಾತಿದ್ದವು.

"ಖಾರದ ಕೈ ಐತಿ. ನೀನ ಒರಸಿಕೋ."

"ನಿನಗ ಉರಿಯೂದಿಲ್ಲೇನು?"

"ಉರೀತೈತಿ. ಉರಿ ಆರಿದ ಮ್ಯಾಲ ಬಿಡಸ್ತೇನಂತ ಕುಂತಿದ್ರ, ಇಷ್ಟು ವರ್ಷದಾಗ ಒಂದ ಚೀಲಾನೂ ಖಾಲಿ ಆಗತಿರಲಿಲ್ಲ, ಹುಚ್ಚಿ."

ಪ್ರೇಮವ್ವ ಮುಂದಿನ ಕಾಯಿ ಎತ್ತಿಕೊಂಡಳು. ಸ್ನೇಹಾ ಆ ಬೆರಳುಗಳನ್ನೇ ನೋಡುತ್ತ ಶೂ ದಾರ ಬಿಗಿದಳು. ಹದಿನೇಳನೇ ಕಿಲೋಮೀಟರಿನಲ್ಲೂ ಅಂಗಾಲು ಉರಿಯುತ್ತಲೇ ಇತ್ತು. ಅವಳು ಓಡುತ್ತಲೇ ಇದ್ದಳು.