ಅಂಗೈ ಇಟ್ಟ ಜಾಗ

ಮುರಳೀಕೃಷ್ಣ ಫೋಟೊದ ಮೇಲೆ ಅಂಗೈ ಇಟ್ಟು ಅರ್ಪಿತಳ ಅಮ್ಮನ ಮುಖವನ್ನೇ ಮುಚ್ಚಿಬಿಟ್ಟರು. ಅರ್ಪಿತಳಿಗೆ ಮೈಯೆಲ್ಲ ಉರಿಯಿತು. ರೇಷ್ಮೆಹುಳು ಸಾಕುವ ಅಮ್ಮನಿಗೆ ಮದುವೆ ಸೀರೆ ಉಡಿಸಿ, ಹುಳುಮನೆಯಲ್ಲಿ ನಿಲ್ಲಿಸಿ, ನಗು ನಗು ಎಂದು ಗೋಗರೆದು ತೆಗೆದ ಚಿತ್ರ ಅದು. ಮಾಲೂರಿನ ಹವ್ಯಾಸಿ ಛಾಯಾಗ್ರಾಹಕರ ಈ ಭಾನುವಾರದ ಕೂಟಕ್ಕೆ ಅವಳು ತಂದ ಮೊದಲ ಫೋಟೊ.

"ಮುಖ ಬಿಟ್ಟು ಇನ್ನೇನ್ ನೋಡ್ತೀರಾ ಸಾರ್?"

"ಕೈ ನೋಡಮ್ಮ," ಎಂದರು ಕೂಟಕ್ಕೆಲ್ಲ ಹಿರಿಯರಾದ ಮುರಳೀಕೃಷ್ಣ.

ನೋಡಿದಳು. ಸೀರೆಯ ನೆರಿಗೆಯ ಪಕ್ಕದಲ್ಲಿ ಅಮ್ಮನ ಕೈ, ಬೆರಳಿಗೆ ಹತ್ತಿದ್ದ ಒಂದು ಹುಳುವನ್ನು ಮೆಲ್ಲಗೆ ಹಿಪ್ಪುನೇರಳೆ ಸೊಪ್ಪಿನ ಮೇಲೆ ಇಳಿಸುತ್ತಿತ್ತು. ತೆಗೆದವಳಿಗೇ ಅದು ಕಂಡಿರಲಿಲ್ಲ.

"ಮುಂದಿನ ಸಲ ನಗು ಅಂತ ಹೇಳ್ಬೇಡ. ಅವರ ಪಾಡಿಗೆ ಕೆಲಸ ಮಾಡ್ಲಿ, ನೀನು ಹತ್ರ ಹೋಗು."

ಆಮೇಲೆ ಅವರು ತಮ್ಮ ಫೋಟೊ ಇಟ್ಟರು. ಬೆಟ್ಟದ ನೆತ್ತಿಯಲ್ಲಿ ಕೆಂಪು ಸೂರ್ಯ. "ಸೂಪರ್ ಸಾರ್!" ಎಂದರು ಎಲ್ಲರೂ, ಎಂದಿನಂತೆ. ಅರ್ಪಿತ ಅಂಜುತ್ತಲೇ ಸೂರ್ಯನ ಮೇಲೆ ಅಂಗೈ ಇಟ್ಟಳು. ಕೆಳಗೆ ಮಬ್ಬಿನಲ್ಲಿ, ಹಾಲಿನ ಕ್ಯಾನು ಹಿಡಿದು ಡೇರಿಗೆ ಹೊರಟ ಇಬ್ಬರು ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು.

ಮುರಳೀಕೃಷ್ಣ ಕನ್ನಡಕ ಏರಿಸಿಕೊಂಡು, ಬಗ್ಗಿ, ಬಹಳ ಹೊತ್ತು ನೋಡಿದರು. ಅವಳು ಕೈ ಹಿಂದಕ್ಕೆಳೆಯಲು ಹೋದಳು.

"ತೆಗೀಬೇಡ, ಇರಮ್ಮ," ಎಂದರು. "ಇವರನ್ನ ನಾನೂ ಈಗ್ಲೇ ನೋಡ್ತಿರೋದು."