ಬರ್ನಡೀನ್ ಕೇಳಿದ ಪ್ರಶ್ನೆ

ಪ್ರಶ್ನೆ ಕೇಳುವವರ ಸಾಲಿನಲ್ಲಿ ಬರ್ನಡೀನ್ ನಿಂತದ್ದನ್ನು ಕಂಡು ಡೊಲೊರೆಸ್ ಬಾಯಿಗೆ ಒಯ್ಯುತ್ತಿದ್ದ ಮೀನಿನ ತುತ್ತನ್ನು ತಟ್ಟೆಗೆ ಇಳಿಸಿದಳು.

ಈಸ್ಟರ್‌ಗೆ ಮುಂಚಿನ, ಮಾಂಸ ಬಿಟ್ಟು ಮೀನು ತಿನ್ನುವ ಉಪವಾಸದ ಶುಕ್ರವಾರ. ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಎಂದಿನಂತೆ ಕರಿದ ಮೀನಿನ ಊಟ. ಚುನಾವಣೆ ಹತ್ತಿರವಾದ್ದರಿಂದ ಊಟದ ಜೊತೆಗೆ ಇಬ್ಬರು ಅಭ್ಯರ್ಥಿಗಳೂ ಬಂದಿದ್ದರು. ಪೆನ್ಸಿಲ್ವೇನಿಯಾದ ಆ ಊರಿನ ಉಕ್ಕಿನ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ಉಳಿದವರು ಬಹುಪಾಲು ನಿವೃತ್ತರೇ. ಅವರಿಗೆ ತಿಳಿಯಬೇಕಾದದ್ದು ಎರಡೇ ವಿಷಯ: ಪಿಂಚಣಿಗೆ ಕೈ ಹಾಕುತ್ತೀರಾ? ಮುಪ್ಪಿನ ಆಸ್ಪತ್ರೆ ಖರ್ಚಿಗೆ ಏನು ಮಾಡುತ್ತೀರಿ?

ಬರ್ನಡೀನ್ ಡೊಲೊರೆಸ್‌ಳ ತಮ್ಮ ಯೂಜೀನನ ಹೆಂಡತಿ. ಹೆಂಡತಿಯಾಗಿದ್ದವಳು. ಲಕ್ವ ಹೊಡೆದು ಯೂಜೀನ್ ಪಕ್ಕದ ಊರಿನ ನರ್ಸಿಂಗ್ ಹೋಮ್ ಸೇರಿದ. ವರ್ಷ ತಿರುಗುವಷ್ಟರಲ್ಲಿ ನಲವತ್ತು ವರ್ಷದ ಸಂಸಾರ ಕೋರ್ಟಿನಲ್ಲಿ ಮುರಿದುಬಿತ್ತು. ಅವನು ಹಾಸಿಗೆಯಲ್ಲಿ ಉಳಿದ, ಅವಳು ಮನೆಯಲ್ಲಿ ಉಳಿದಳು.

ಆ ಮನೆತನದಲ್ಲಿ ಹಿಂದೆ ಯಾರೂ ವಿಚ್ಛೇದನ ಕಂಡವರಲ್ಲ. ಚರ್ಚಿನಲ್ಲಿ ಯಾರಾದರೂ ತಮ್ಮನ ಹೆಂಡತಿಯನ್ನು ವಿಚಾರಿಸಿದರೆ ಡೊಲೊರೆಸ್ ಕಿವಿಯವರೆಗೆ ಕೆಂಪಾಗುತ್ತಿದ್ದಳು. ಅದರ ಮೇಲೆ ಸಂಜೆಯಾದರೆ ಬರ್ನಡೀನಳ ಕಾರು ಮನೆ ಮುಂದೆ ಇರುವುದಿಲ್ಲವೆಂದು ನೆರೆಯವರು ಹೇಳಿದ್ದರು. ಯಾರ ಮನೆಗೆ ಹೋಗುತ್ತಾಳೆಂದು ಡೊಲೊರೆಸ್ ಕೇಳಲಿಲ್ಲ. ಕೇಳಿದರೆ ಯಾರಾದರೂ ಉತ್ತರ ಹೇಳಿಬಿಟ್ಟಾರು ಎಂಬ ಭಯ.

ಭಾನುವಾರ ಪೂಜೆ ಮುಗಿಸಿ ತಮ್ಮನನ್ನು ನೋಡಲು ಹೋದಾಗ ಒಮ್ಮೆ ಆ ಮಾತು ತೆಗೆದಿದ್ದಳು. ಯೂಜೀನ್ ಗೋಡೆಯ ಕಡೆ ಮುಖ ತಿರುಗಿಸಿದ. "ಅವಳ ಸುದ್ದಿ ಎತ್ತಬೇಡ ಅಕ್ಕ." ಎಂಥ ಗಾಯವಿರಬೇಕು ಎಂದು ಡೊಲೊರೆಸ್ ಆಮೇಲೆ ಕಾರಿನಲ್ಲಿ ಕೂತು ಅತ್ತಿದ್ದಳು.

ಈಗ ನೋಡಿದರೆ ಬರ್ನಡೀನ್ ಎಲ್ಲರೆದುರು ಮೈಕು ಹಿಡಿದಿದ್ದಾಳೆ. ಅದಕ್ಕೂ ಮುಂಚೆ ಮೂಲೆಯ ಮೇಜಿನಲ್ಲಿ ಕೂತು, ಮೀನನ್ನು ಬೆರಳಲ್ಲಿ ಹಿಸುಕಿ ಹಿಸುಕಿ ಮುಳ್ಳು ತೆಗೆದು ಡಬ್ಬಿಗೆ ತುಂಬುತ್ತಿದ್ದದ್ದನ್ನೂ ಡೊಲೊರೆಸ್ ಕಂಡಿದ್ದಳು. ಯಾವ ಮಹಾರಾಯನಿಗೋ ಈ ಉಪಚಾರ.

"ಒಂದೇ ಪ್ರಶ್ನೆ," ಎಂದಳು ಬರ್ನಡೀನ್. "ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದು ನರ್ಸಿಂಗ್ ಹೋಮ್ ಸೇರ್ತಾರೆ ಅಂದ್ಕೊಳ್ಳಿ. ಆ ಖರ್ಚು ಯಾರು ನೋಡ್ಕೋಬೇಕು? ಇದರಲ್ಲಿ ನಿಮ್ಮ ನಿಲುವೇನು?"

ಮೊದಲ ಅಭ್ಯರ್ಥಿ ಶ್ರೀಮತಿ ಟೋತ್ ಮುಗುಳ್ನಕ್ಕರು. ಇದು ಬಹಳ ಮುಖ್ಯವಾದ ವಿಷಯ, ಗೆದ್ದರೆ ಸಮಿತಿ ಮಾಡಿ ಪರಿಶೀಲಿಸುತ್ತೇನೆ ಎಂದರು. ಎರಡನೆಯವನು ಹಾಲೊವೇ. ಅವನು ಅಂಗಿಯ ತೋಳು ಮಡಿಸಿಕೊಂಡು ಎದ್ದು ನಿಂತ. "ನಾನು ನೇರವಾಗಿ ಹೇಳ್ತೀನಿ. ಮನೆಯವರನ್ನ ಮನೆಯವರೇ ನೋಡ್ಕೋಬೇಕು. ಸರ್ಕಾರ ಏನು ಮಾವನ ಮನೆಯಾ, ಕೂತು ಉಣ್ಣೋಕೆ?"

ಹಿಂದಿನ ಸಾಲುಗಳಲ್ಲಿ ನಗು ಎದ್ದಿತು. ಡೊಲೊರೆಸ್ ತಾನು ಯಾವಾಗ ಎದ್ದು ನಿಂತೆನೆಂಬುದು ಅವಳಿಗೇ ತಿಳಿಯಲಿಲ್ಲ.

"ಸರಿಯಾಗಿ ಹೇಳಿದ್ರಿ ಸ್ವಾಮಿ. ಇವಳನ್ನೇ ಕೇಳಿ ನೋಡಿ. ಲಕ್ವ ಹೊಡೆದ ಗಂಡನ್ನ ಕೈಬಿಟ್ಟು ಮನೆ ಇಟ್ಕೊಂಡವಳು ಇವಳು. ಅವನು ನನ್ನ ತಮ್ಮ. ಈ ಪ್ರಶ್ನೆ ಕೇಳೋಕೆ ನಾಚಿಕೆ ಆಗಲ್ವೇನೇ ನಿಂಗೆ?"

ಬರ್ನಡೀನ್ ಮೈಕನ್ನು ಮೇಜಿನ ಮೇಲಿಟ್ಟು, ಡಬ್ಬಿ ಎತ್ತಿಕೊಂಡು, ಡೊಲೊರೆಸ್‌ಳ ಪಕ್ಕದಲ್ಲೇ ಹಾದು ಹೋದಳು.

"ಆರಿಹೋಗುತ್ತೆ ಅತ್ತಿಗೆ, ನಾನು ಬರ್ತೀನಿ," ಎಂದಳು. ಅಷ್ಟೇ.

ಹಾಲೊವೇ ಬಂದು ಡೊಲೊರೆಸ್‌ಳ ಎರಡೂ ಕೈ ಹಿಡಿದುಕೊಂಡ. "ನಿಮ್ಮಂಥ ಅಕ್ಕ ಎಲ್ಲರಿಗೂ ಇದ್ದಿದ್ರೆ ಸರ್ಕಾರಕ್ಕೆ ಈ ಹೊರೆ ಇರ್ತಿರಲಿಲ್ಲಮ್ಮ." ಯಾರೋ ಫೋಟೋ ತೆಗೆದರು. ನಗಬೇಕೆಂದುಕೊಂಡಳು, ಮುಖದಲ್ಲಿ ನಗು ನಿಲ್ಲಲಿಲ್ಲ. ಗೆದ್ದ ಖುಷಿ ಇರಬೇಕಾದ ಜಾಗದಲ್ಲಿ ಏನೋ ಹುಳಿ ಹುಳಿ. ತಮ್ಮನಿಗೆ ಹೇಳಿದರೆ ಹಗುರಾದೀತೆಂದು ಅವಳು ಮಂಜು ಕವಿದ ದಾರಿಯಲ್ಲಿ ಪಕ್ಕದ ಊರಿಗೆ ಕಾರು ಓಡಿಸಿದಳು. ದಾರಿಯಲ್ಲಿ ಸ್ವಲ್ಪ ಹೊತ್ತು ಚರ್ಚಿನ ಮುಂದೆ ನಿಲ್ಲಿಸಿ ಸುಮ್ಮನೆ ಕೂತಳು ಕೂಡ.

ನರ್ಸಿಂಗ್ ಹೋಮಿನ ಬಾಗಿಲಲ್ಲೇ ಆರೈಕೆಯ ಹುಡುಗಿ ಸಿಕ್ಕಳು. "ಊಟ ಆಯ್ತು ಯೂಜೀನ್ ಅವರದ್ದು. ಅವರ ಹೆಂಡತಿ ಈಗಷ್ಟೇ ತಿನ್ನಿಸಿ ಹೋದ್ರು."

"ಯಾರು?"

"ಹೆಂಡತಿ. ದಿನಾ ಸಂಜೆ ಬರ್ತಾರಲ್ಲ. ಇವತ್ತು ಪಾಪ ತುಂಬಾ ಅತ್ತುಕೊಂಡು ಹೋದ್ರು."

ಯೂಜೀನ್ ದಿಂಬಿಗೆ ಒರಗಿ ಕೂತಿದ್ದ. ಮಾತು ತೊದಲುತ್ತಿತ್ತು, ಬುದ್ಧಿ ನೆಟ್ಟಗಿತ್ತು. ಅಕ್ಕನ ಮುಖ ನೋಡುತ್ತಲೇ ಕೇಳಿದ, "ಎಲ್ಲರ ಮುಂದೆ ಅವಳನ್ನ ಬೈದೆಯಂತೆ?"

"ಅವಳು ಹೇಳಿದ್ಲಾ?"

"ಇಲ್ಲ. ಅವಳು ಏನೂ ಹೇಳಲ್ಲ. ಊರಿಂದ ಒಬ್ಬ ಫೋನ್ ಮಾಡಿದ್ದ, ನಿಮ್ಮಕ್ಕ ಚೆನ್ನಾಗಿ ಉಗಿದ್ರು ಅಂತ."

ಡೊಲೊರೆಸ್ ಕುರ್ಚಿಯ ಬೆನ್ನು ಹಿಡಿದು ನಿಂತಳು. "ಮತ್ತೆ ಆ ಡೈವೋರ್ಸು?"

"ನಾನು ಹಾಕಿದ್ದು. ಗಂಡ ಹೆಂಡತಿ ಕೂಡಿಟ್ಟದ್ದೆಲ್ಲ ಕರಗಿದ ಮೇಲೇ ಸರ್ಕಾರ ಈ ಹಾಸಿಗೆಯ ಖರ್ಚು ಕೊಡೋದು. ಬೇರೆಯಾದ್ರೆ ಅವಳ ಪಾಲು ಅವಳಿಗೆ ಉಳಿಯುತ್ತೆ ಅಂದ ವಕೀಲ. ಅವಳು ಬೇಡ ಬೇಡ ಅಂತ ಕಾಲು ಹಿಡಿದಳು."

"ನನಗಾದ್ರೂ ಒಂದು ಮಾತು ಹೇಳಬಾರದಿತ್ತೇನೋ?"

ಯೂಜೀನ್ ಗೋಡೆಯ ಕಡೆ ಮುಖ ತಿರುಗಿಸಿದ. "ಸರ್ಕಾರದ ಕೂಳು ತಿನ್ನೋರನ್ನ ಜೀವಮಾನವೆಲ್ಲ ಬೈದವನು ನಾನು. ಹೆಂಡತಿ ಬಿಟ್ಟುಹೋದಳು ಅಂದ್ರೆ ಜನ ಅಯ್ಯೋ ಪಾಪ ಅಂತಾರೆ. ಅದಕ್ಕೇ ಅವಳ ಕೈಲಿ ಆಣೆ ಹಾಕಿಸ್ಕೊಂಡೆ ಅಕ್ಕ: ಯಾರು ಉಗಿದ್ರೂ ಬಾಯಿ ಬಿಡಬೇಡ, ಬಿಟ್ಟುಹೋದವಳು ನೀನೇ ಅಂತ ಇರಲಿ."